ಹಿತ, ಮಿತ, ಅಸಂದಿಗ್ಧ: ಪೊಳ್ಳು ಮಾತಿನ ಬರಹವೂ ಸಮಾಜವೂ

(ದಹಿಸರ್‌ನಲ್ಲಿ ಜೈನ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಒಮ್ಮೆಯಾದರೂ ಏರದ ಜೈನ ಕನ್ನಡ ಕುಟುಂಬ ಅಪರೂಪ. ಅಲ್ಲಿ ನಿಂತಿರುವ ಗೊಮ್ಮಟೇಶ್ವರನ ವಿಗ್ರಹದ ಎತ್ತರ ಸುಮಾರು 58 ಅಡಿ. ಅದನ್ನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಡಿಸಿದವನು ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯ. ಸ್ವಾಮಿಯ ಪಾದಗಳ ಇಕ್ಕೆಲದ ಹುತ್ತದ ಶಿಲ್ಪದ ಮೇಲೆ ಇದನ್ನು ತಿಳಿಸುವ ಬರಹವಿದೆ. ಶ್ರೀ ಚಾವುಂಡರಾಜ ಮಾಡಿಸಿದನು ಎಂಬಷ್ಟೇ ಅದರ ಒಕ್ಕಣೆ. ಒಂದು ಸಾಲು ಕನ್ನಡದಲ್ಲಿ, ಒಂದು ತಮಿಳಿನಲ್ಲಿ, ಒಂದು ಮರಾಠಿಯಲ್ಲಿ. ಮುಂದೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುತ್ತಾಲಯವನ್ನು ಕಟ್ಟಿಸಿದಾಗಲೂ ಅದೇ ಕ್ರಮ ನಡೆಯಿತು: ಯಾರು, ಏನನ್ನು ಮಾಡಿಸಿದರು ಎಂಬಷ್ಟೇ.

ಚಾವುಂಡರಾಯನಿಗೆ ಪದಗಳ ಬಡತನವಿರಲಿಲ್ಲ. ಅರವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು 978ರಲ್ಲಿ ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದ ವಿದ್ವಾಂಸ ಅವನು. ಬಿರುದುಗಳ ಬಡತನವೂ ಇರಲಿಲ್ಲ. ಸಮರಪರಶುರಾಮ, ವೀರಮಾರ್ತಂಡ, ರಣರಂಗಸಿಂಗ ಎಂದು ಅವನನ್ನು ಕರೆಯುತ್ತಿದ್ದರು. ಅವುಗಳಲ್ಲಿ ಒಂದೂ ಸ್ವಾಮಿಯ ಪಾದದ ಬಳಿಯ ಆ ಸಾಲಿನಲ್ಲಿ ಇಲ್ಲ. ಅಲ್ಲಿ ಕರ್ತೃವಿದ್ದಾನೆ, ಕ್ರಿಯೆಯಿದೆ, ಓದುವವನ ಭಾಷೆಯಿದೆ. ಸಾವಿರ ವರ್ಷ ಕಳೆದರೂ ಆ ಸಾಲಿನ ಅರ್ಥ ಯಾರಿಗೂ ತಪ್ಪಿಲ್ಲ.

ಇದರ ಪಕ್ಕದಲ್ಲಿ ಇಂದಿನ ಒಂದು ದಾನಫಲಕವನ್ನೋ ಸನ್ಮಾನಪತ್ರವನ್ನೋ ಇಟ್ಟು ನೋಡಬಹುದು. ಹತ್ತು ಕುರ್ಚಿಗಳನ್ನು ಕೊಟ್ಟವರು ಅಲ್ಲಿ ಕೊಡುಗೈ ದಾನಿ, ಸಮಾಜರತ್ನ, ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಎಲೆಮರೆಯ ಕಾಯಿ ಎಂದು ಹೊಗಳಿಸಿಕೊಳ್ಳುವವರ ಭಾವಚಿತ್ರ ಹತ್ತಡಿಯ ಫ್ಲೆಕ್ಸ್ ಫಲಕದ ಮೇಲೆ ಇರುತ್ತದೆ. ಬರೆದವರಿಗೂ ಓದಿದವರಿಗೂ, ಹೊಗಳಿಸಿಕೊಂಡವರಿಗೂ ಇದರಲ್ಲಿ ನಂಬಿಕೆಯಿಲ್ಲ. ಆದರೂ ವರ್ಷವರ್ಷವೂ ಅದೇ ಅಚ್ಚಾಗುತ್ತದೆ. ಇಂದಿನ ವಿಚಾರ ಈ ಪೊಳ್ಳುಮಾತು. ಇದು ಕೇವಲ ರುಚಿಯ ಪ್ರಶ್ನೆಯಲ್ಲ. ಸಮಾಜದ ಹಣ, ಹೆಣ್ಣುಮಕ್ಕಳ ಮದುವೆ, ಸಮಾಜವು ಸರಕಾರದ ಮತ್ತು ನ್ಯಾಯಾಲಯದ ಮುಂದೆ ನಿಲ್ಲುವ ರೀತಿ, ಮಕ್ಕಳಲ್ಲಿ ಕನ್ನಡ ಉಳಿಯುವುದು, ಇವೆಲ್ಲವೂ ಇದರೊಂದಿಗೆ ಹೆಣೆದುಕೊಂಡಿವೆ.

ಅಲಂಕಾರ ಬೇರೆ, ಪೊಳ್ಳು ಬೇರೆ

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸರಳವಾಗಿ ಬರೆಯಿರಿ ಎಂದರೆ ಅಲಂಕಾರವನ್ನೆಲ್ಲ ಕಿತ್ತೆಸೆಯಿರಿ ಎಂದಲ್ಲ. ಅದೇ ವಿಂಧ್ಯಗಿರಿಯಲ್ಲಿ 12ನೆಯ ಶತಮಾನದ ಬೊಪ್ಪಣ ಪಂಡಿತನ ದೀರ್ಘವಾದ ಕಾವ್ಯಶಾಸನವೂ ಇದೆ. ಅದು ಗೊಮ್ಮಟನ ಸ್ತುತಿ, ಅಲಂಕಾರಗಳಿಂದ ತುಂಬಿದೆ. ಆದರೆ ಅದರಲ್ಲಿ ಒಂದು ವಿಚಾರವಿದೆ: ವಿಗ್ರಹ ಬಹಳ ಎತ್ತರವಾದರೆ ಚೆಲುವು ಕುಂದಬಹುದು, ಎತ್ತರವೂ ಚೆಲುವೂ ಕೂಡಿದರೂ ಅತಿಶಯ ಇಲ್ಲದಿರಬಹುದು, ಇಲ್ಲಿ ಮೂರೂ ಒಂದೆಡೆ ನೆಲೆಸಿವೆ. ಬೆಟ್ಟದಡಿ ನಿಂತು ನೋಡಿದವನಿಗೆ ಆ ಮಾತಿನ ಸತ್ಯ ಹೊಳೆಯುತ್ತದೆ. ಅಲಂಕಾರವು ಕಣ್ಣನ್ನು ವಸ್ತುವಿನ ಕಡೆಗೆ ತಿರುಗಿಸುತ್ತದೆ. ಪೊಳ್ಳುಮಾತು ಕಣ್ಣನ್ನು ವಸ್ತುವಿನಿಂದ ಆಚೆಗೆ ಎಳೆಯುತ್ತದೆ.

ಪರೀಕ್ಷೆ ಸುಲಭ. ಒಬ್ಬ ಹಿರಿಯರ ಬಗ್ಗೆ ಬರೆದ ಸಾಲಿನಲ್ಲಿ ಹೆಸರನ್ನು ತೆಗೆದು ಇನ್ನೊಬ್ಬರ ಹೆಸರನ್ನು ಸೇರಿಸಬೇಕು. ಒಂದಕ್ಷರವೂ ಬದಲಾಗದೆ ಅದು ಅವರಿಗೂ ಹೊಂದಿಕೊಂಡರೆ, ಆ ಸಾಲು ಇಬ್ಬರ ಬಗ್ಗೆಯೂ ಏನನ್ನೂ ಹೇಳಿಲ್ಲ.

ವರದಿಯ ಭಾಷೆ

ಸಂಘಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಈ ಬಗೆಯ ವಾಕ್ಯ ಎಲ್ಲೆಡೆ ಸಿಗುತ್ತದೆ: “ಸಮಾಜದ ಸರ್ವತೋಮುಖ ಉನ್ನತಿಯ ಸದುದ್ದೇಶದಿಂದ ವರದಿ ಸಾಲಿನಲ್ಲಿ ವಿದ್ಯಾರ್ಥಿಗಳ ಶೈಕ್ಷಣಿಕ ಪ್ರಗತಿಯ ದಿಶೆಯಲ್ಲಿ ಹತ್ತು ಹಲವು ಮಹತ್ತರ ಯೋಜನೆಗಳನ್ನು ಹಮ್ಮಿಕೊಳ್ಳಲಾಗಿದ್ದು, ಅವುಗಳನ್ನು ಅತ್ಯಂತ ಯಶಸ್ವಿಯಾಗಿ ನೆರವೇರಿಸಲಾಗಿದೆ ಎಂದು ತಿಳಿಸಲು ಅತೀವ ಹರ್ಷವಾಗುತ್ತದೆ.” ಕೇಳಲು ಗಂಭೀರವಾಗಿದೆ. ಆದರೆ ಎಷ್ಟು ಮಕ್ಕಳು ಅರ್ಜಿ ಹಾಕಿದರು? ಎಷ್ಟು ಮಂದಿಗೆ ನೆರವು ಸಿಕ್ಕಿತು? ಒಬ್ಬೊಬ್ಬರಿಗೆ ಎಷ್ಟು? ಸಿಗದವರಿಗೆ ಏಕೆ ಸಿಗಲಿಲ್ಲ? ಈ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಅತೀವ ಹರ್ಷ ಯಾರಿಗಾಯಿತು ಎಂಬುದೂ ತಿಳಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ವ್ಯಾಕರಣದ ಒಂದು ಉಪಾಯವಿದೆ. “ನಿರ್ಧರಿಸಲಾಯಿತು”, “ವಿನಿಯೋಗಿಸಲಾಗಿದೆ”, “ಕ್ರಮ ಕೈಗೊಳ್ಳಲಾಗುವುದು” ಎಂಬ ಕ್ರಿಯಾಪದಗಳಲ್ಲಿ ಕರ್ತೃ ಮಾಯವಾಗಿರುತ್ತಾನೆ. ಅಡುಗೆಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. “ಹಾಲು ಉಕ್ಕಿಸಲಾಗಿದೆ” ಎಂದು ಸೊಸೆ ಅತ್ತೆಗೆ ಹೇಳುವುದಿಲ್ಲ. ಹೇಳಿದರೆ ಅತ್ತೆ ನಗುತ್ತಾಳೆ. ಮನೆಯಲ್ಲಿ ಮಾಡಿದವರ ಹೆಸರು ಬೇಕು, ಸಂಸ್ಥೆಯಲ್ಲಿ ಬೇಡ. ಚಾವುಂಡರಾಯನ ಸಾಲು ಇಂಥ ಕ್ರಿಯಾಪದವನ್ನು ಬಳಸಿದ್ದರೆ ವಿಗ್ರಹವನ್ನು ಯಾರು ಮಾಡಿಸಿದರು ಎಂಬ ಪ್ರಶ್ನೆ ಇಂದಿಗೂ ಉಳಿಯುತ್ತಿತ್ತು.

ಕೆಟ್ಟ ಉದ್ದೇಶದಿಂದಲೇ ಎಲ್ಲರೂ ಹೀಗೆ ಬರೆಯುತ್ತಾರೆ ಎನ್ನಲಾಗದು. ಹಗಲಿಡೀ ದುಡಿದು, ರಾತ್ರಿಯ ಲೋಕಲ್ ರೈಲಿನಲ್ಲಿ ಮನೆ ಸೇರಿ, ಅನಂತರ ಸಂಸ್ಥೆಯ ಕಾಗದಪತ್ರಗಳನ್ನು ಹರಡಿಕೊಳ್ಳುವ ಕಾರ್ಯದರ್ಶಿ ಕಳೆದ ವರ್ಷದ ವರದಿಯನ್ನು ತೆಗೆದು ಇಸವಿಯನ್ನು ಮಾತ್ರ ಬದಲಿಸುತ್ತಾನೆ. ಅದು ದಣಿವು, ವಂಚನೆಯಲ್ಲ. ಆದರೆ ಬಾಗಿಲು ತೆರೆದಿಟ್ಟವನು ಕಳ್ಳನಲ್ಲದಿದ್ದರೂ ಕಳ್ಳ ಒಳಬರುವುದು ಅದೇ ಬಾಗಿಲಿನಿಂದ. ಒಳ್ಳೆಯವರು ರೂಢಿಮಾಡಿದ ಮಸುಕು ಭಾಷೆಯನ್ನು, ಲೆಕ್ಕ ಕೊಡಲು ಮನಸ್ಸಿಲ್ಲದವರು ಮುಂದೆ ಹೊದಿಕೆಯಾಗಿ ಬಳಸಿಕೊಳ್ಳುತ್ತಾರೆ.

ಆಮಂತ್ರಣ, ಸಂತಾಪ, ಸಂಬಂಧ

ಆಮಂತ್ರಣಪತ್ರಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಅತಿಥಿಗಳು, ವಿಶೇಷ ಆಹ್ವಾನಿತರು ಎಂಬ ಪಟ್ಟಿಯನ್ನು ದಾಟಿ, ಕಾರ್ಯಕ್ರಮ ಎಷ್ಟು ಗಂಟೆಗೆ, ಯಾವ ನಿಲ್ದಾಣದಲ್ಲಿ ಇಳಿದು ಯಾವ ದಿಕ್ಕಿಗೆ ಬರಬೇಕು, ಊಟ ಸೂರ್ಯಾಸ್ತಕ್ಕೆ ಮುನ್ನ ಇದೆಯೇ ಎಂಬುದನ್ನು ಹುಡುಕಬೇಕಾಗುತ್ತದೆ. ವಯಸ್ಸಾದವರಿಗೆ ಬೇಕಾದುದು ಈ ಮೂರು ಸಂಗತಿಗಳೇ. ಅವು ಅತ್ಯಂತ ಸಣ್ಣ ಅಕ್ಷರದಲ್ಲಿ ಇರುತ್ತವೆ.

ಸಂತಾಪದ ಬರಹ ಇನ್ನೂ ನೋವಿನ ಸಂಗತಿ. “ಅವರ ಅಗಲಿಕೆಯಿಂದ ಸಮಾಜಕ್ಕೆ ತುಂಬಲಾರದ ನಷ್ಟವಾಗಿದೆ” ಎಂಬ ವಾಕ್ಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ನೂರು ಸಲ ಬರುತ್ತದೆ. ತಾಯಿಯನ್ನು ಕಳೆದುಕೊಂಡ ಮಗ ಅದನ್ನು ಓದುತ್ತಾನೆ. ಅವನಿಗೆ ಒಂದು ಕ್ಷಣದ ಸಮಾಧಾನವೂ ದೊರೆಯುವುದಿಲ್ಲ. “ಊರಿನಿಂದ ಕೆಲಸ ಹುಡುಕಿ ಬಂದ ಹುಡುಗರಿಗೆ ನಿಮ್ಮ ತಾಯಿ ಊಟ ಹಾಕಿದ್ದನ್ನು ಮರೆಯಲಾರೆವು” ಎಂದು ಒಬ್ಬರು ಬರೆದರೆ ಸಾಕು, ಆ ಮಗ ಅದನ್ನು ಮತ್ತೆ ಮತ್ತೆ ಓದುತ್ತಾನೆ, ಮಕ್ಕಳಿಗೆ ತೋರಿಸುತ್ತಾನೆ. ಮೊದಲನೆಯದು ಬರೆದವರನ್ನು ಕರ್ತವ್ಯದಿಂದ ಬಿಡುಗಡೆ ಮಾಡುತ್ತದೆ. ಎರಡನೆಯದು ತೀರಿಹೋದವರನ್ನು ಒಂದು ಗಳಿಗೆ ಮನೆಗೆ ಕರೆತರುತ್ತದೆ.

ಎಲ್ಲಕ್ಕಿಂತ ಹೆಚ್ಚು ಬೆಲೆ ತೆರಬೇಕಾಗುವುದು ಮದುವೆಯ ಮಾತುಕತೆಯಲ್ಲಿ. “ಮಾತುಕತೆ ಏನೂ ಇಲ್ಲ, ನಿಮ್ಮ ಘನತೆಗೆ ತಕ್ಕಂತೆ ಮದುವೆ ಮಾಡಿಕೊಟ್ಟರೆ ಸಾಕು” ಎಂಬ ಸೌಜನ್ಯದ ವಾಕ್ಯ ಎಷ್ಟು ತಂದೆತಾಯಿಯರ ನಿದ್ದೆಯನ್ನು ಕೆಡಿಸಿದೆ ಎಂಬುದು ಎಲ್ಲರಿಗೂ ಗೊತ್ತು. ಘನತೆ ಎಂದರೆ ಎಷ್ಟು ತೊಲ? ತಕ್ಕಂತೆ ಎಂದರೆ ಯಾವ ಸಭಾಂಗಣ, ಎಷ್ಟು ಎಲೆ? ಕೇಳಿದರೆ ಅಪಮರ್ಯಾದೆ, ಕೇಳದಿದ್ದರೆ ಸಾಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆ ವಸ್ತುವಿಗೆ ಹೆಸರಿಟ್ಟಿತು. ಮನೆತನಗಳು ಹೆಸರನ್ನು ಬಿಟ್ಟವು, ವಸ್ತುವನ್ನು ಬಿಡಲಿಲ್ಲ. “ಒಡವೆ ಬೇಡ, ಹಣ ಬೇಡ, ಖರ್ಚನ್ನು ಎರಡು ಮನೆಯವರು ಸಮವಾಗಿ ಹಂಚಿಕೊಳ್ಳೋಣ” ಎಂದು ಬಾಯಿಬಿಟ್ಟು ಹೇಳುವ ಗಂಡಿನ ತಂದೆ, ಘನತೆಯ ಮಾತೆತ್ತುವವರೆಲ್ಲರಿಗಿಂತ ಘನವಂತ.

ಆಗಮ ಏನು ಹೇಳುತ್ತದೆ

ಬಂಧುಗಳೇ, ಈ ವಿಷಯದಲ್ಲಿ ಜೈನರು ಹೊರಗಿನವರಿಂದ ಪಾಠ ಕಲಿಯಬೇಕಾಗಿಲ್ಲ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ ಪ್ರಬಂಧ ಬರೆದು, ಮಸುಕು ಭಾಷೆ ಕೆಟ್ಟ ಆಡಳಿತಕ್ಕೆ ಆಸರೆಯಾಗುತ್ತದೆ ಎಂದು ತೋರಿಸಿದನು. ಅಮೆರಿಕವು 2010ರಲ್ಲಿ ಸರಕಾರಿ ಇಲಾಖೆಗಳು ಜನರಿಗೆ ಅರ್ಥವಾಗುವಂತೆ ಬರೆಯಬೇಕೆಂದು ಕಾಯ್ದೆಯನ್ನೇ ಮಾಡಿತು. ಇವು ಒಳ್ಳೆಯ ಕೆಲಸಗಳೇ. ಆದರೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಐದು ಸಮಿತಿಗಳ ಪೈಕಿ ಭಾಷಾಸಮಿತಿಗೆ ಎರಡನೆಯ ಸ್ಥಾನ. ನಡೆಯುವಾಗ ಜೀವಿಗಳನ್ನು ತುಳಿಯದಂತೆ ನೆಲ ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿ. ಅದರ ಬೆನ್ನಿಗೇ ಮಾತಿನಲ್ಲಿ ಎಚ್ಚರ. ಹಿತವಾದ, ಮಿತವಾದ, ಸಂದೇಹಕ್ಕೆಡೆಯಿಲ್ಲದ ಮಾತೇ ಭಾಷಾಸಮಿತಿ ಎಂದು ಟೀಕಾಕಾರರು ವಿವರಿಸಿದ್ದಾರೆ. ಹಿತ, ಮಿತ, ಅಸಂದಿಗ್ಧ ಎಂಬ ಈ ಮೂರು ಪದಗಳಿಗಿಂತ ಉತ್ತಮವಾದ ಲೇಖನಸೂತ್ರ ಯಾವ ದೇಶದಲ್ಲಿಯೂ ಇಲ್ಲ.

ಸಮಿತಿ ಮುನಿಗಳಿಗೆ, ಗೃಹಸ್ಥರಿಗೇನು ಎಂದು ಯಾರಾದರೂ ಕೇಳಬಹುದು. ಶ್ರಾವಕರಿಗೆ ಹೇಳಿದ ವ್ರತಗಳಲ್ಲಿಯೂ ಇದೇ ಎಚ್ಚರವಿದೆ. ಅನರ್ಥದಂಡವ್ರತದ ಐದು ಅತಿಚಾರಗಳಲ್ಲಿ ಒಂದು ಮೌಖರ್ಯ: ಅಗತ್ಯವಿಲ್ಲದೆ, ಅಳತೆಯಿಲ್ಲದೆ ಮಾತನ್ನು ಹರಿಯಬಿಡುವುದು. ಸತ್ಯವ್ರತದ ಐದು ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ: ಸುಳ್ಳು ಬರಹ ಸೃಷ್ಟಿಸುವುದು. ಪೊಳ್ಳು ಬರಹ ಮೌಖರ್ಯದಲ್ಲಿ ಹುಟ್ಟುತ್ತದೆ. ಹಣದ ಲೆಕ್ಕವನ್ನು ಮರೆಮಾಡಲು ಅದನ್ನು ಬಳಸಿದ ದಿನ ಕೂಟಲೇಖದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಭಗವಾನ್ ಮಹಾವೀರರ ಉಪದೇಶ ಪಂಡಿತರ ಸಂಸ್ಕೃತದಲ್ಲಿ ಅಲ್ಲದೆ ಜನರ ಅರ್ಧಮಾಗಧಿಯಲ್ಲಿ ಹಬ್ಬಿತು ಎಂಬುದನ್ನು ಪ್ರತಿ ಮಹಾವೀರ ಜಯಂತಿಯಂದು ನೆನೆಯಲಾಗುತ್ತದೆ. ಆ ನೆನಪಿನ ಭಾಷಣವೇ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ನಡೆಯುವುದು ವಿಪರ್ಯಾಸ.

ಕನ್ನಡದ ಹಿರಿಯರು ಏನು ಮಾಡಿದರು

ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ. ಅದು ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದರ ಮೊದಲ ಪರಿಚ್ಛೇದದ ಮುಖ್ಯ ವಿಷಯವೇ ಬರಹದ ದೋಷಗಳು. ಸಂಸ್ಕೃತವನ್ನೂ ಕನ್ನಡವನ್ನೂ ಹದವರಿಯದೆ ಬೆರೆಸುವುದನ್ನು ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೀಳುವುದಕ್ಕೆ ಹೋಲಿಸುತ್ತದೆ. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು. ಕೂಡಿಸುವ ರೀತಿಯಿಂದ ಎರಡೂ ಕೆಟ್ಟವು. ಹನ್ನೆರಡನೆಯ ಶತಮಾನದ ನಯಸೇನ ಧರ್ಮಾಮೃತದಲ್ಲಿ ಅದೇ ಮಾತನ್ನು ತುಪ್ಪ ಮತ್ತು ಎಣ್ಣೆಯ ಹೋಲಿಕೆಯಿಂದ ಹೇಳಿದ. ಮುಂದಿನ ಶತಮಾನದಲ್ಲಿ ಆಂಡಯ್ಯ ಒಂದು ಹೆಜ್ಜೆ ಮುಂದೆ ಹೋಗಿ, ಸಂಸ್ಕೃತ ಪದಗಳನ್ನು ಹಾಗೆಯೇ ಬಳಸದೆ ಕಬ್ಬಿಗರ ಕಾವವನ್ನು ಬರೆದು ತೋರಿಸಿದ. ಹತ್ತೊಂಬತ್ತು ಕಥೆಗಳ ವಡ್ಡಾರಾಧನೆ ಕನ್ನಡ ಗದ್ಯದ ಹಳೆಯ ನಿಧಿ. ಘೋರ ಉಪಸರ್ಗಗಳನ್ನು ಸಹಿಸಿದ ಮಹಾಪುರುಷರ ಕಥೆಗಳನ್ನು ಅದು ಅಬ್ಬರವಿಲ್ಲದೆ ಹೇಳುತ್ತದೆ. ಇವರೆಲ್ಲರೂ ಜೈನರು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಭರತೇಶವೈಭವವನ್ನು ಸಾಂಗತ್ಯದಲ್ಲಿ ಹಾಡಿದಾಗ, ಕನ್ನಡಿಗರು, ತೆಲುಗರು, ತುಳುವರು ಎಲ್ಲರೂ ಕೇಳಿ ತಲೆದೂಗಬೇಕೆಂಬುದು ಅವನ ಆಸೆಯಾಗಿತ್ತು. ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ ಬಳಸುವ ಮುಂಬಯಿಯ ಕುಟುಂಬಗಳಿಗೆ ಅವನಿಗಿಂತ ಹತ್ತಿರದ ಕವಿ ಯಾರು?

ಇದರಿಂದ ಸಂಸ್ಕೃತ ಪದವೇ ಅಪರಾಧಿ ಎಂದು ತಿಳಿಯಬಾರದು. ಅಹಿಂಸೆ, ಅಪರಿಗ್ರಹ, ಅನೇಕಾಂತ, ನಿರ್ಜರೆ ಎಂಬ ಪದಗಳಿಗೆ ಬದಲಿ ಇಲ್ಲ, ಬೇಕಾಗಿಯೂ ಇಲ್ಲ; ಒಂದೊಂದರ ಒಳಗೂ ಗಟ್ಟಿಯಾದ ಅರ್ಥ ತುಂಬಿದೆ. ಪೊಳ್ಳುತನಕ್ಕೆ ಇಂಥದೇ ಭಾಷೆ ಎಂಬ ನಿಯಮವಿಲ್ಲ. “ಪ್ರೋಗ್ರಾಂ ಗ್ರ್ಯಾಂಡ್ ಸಕ್ಸಸ್” ಎಂಬ ಇಂಗ್ಲಿಷೂ “ನ ಭೂತೋ ನ ಭವಿಷ್ಯತಿ” ಎಂಬ ಸಂಸ್ಕೃತವೂ ಒಂದೇ ಡಬ್ಬಿಯ ಎರಡು ಸದ್ದುಗಳು. ಅಚ್ಚಗನ್ನಡದಲ್ಲಿಯೂ ಡಬ್ಬಿ ಬಡಿಯಬಹುದು.

ಸಮಾಜವು ಹೊರಗೆ ಮಾತಾಡುವಾಗ

ಸ್ಪಷ್ಟ ಮಾತಿನ ಬೆಲೆ ಎಷ್ಟೆಂಬುದನ್ನು 2015ರ ಆಗಸ್ಟ್ ತಿಂಗಳು ಕಲಿಸಿತು. ಆ ತಿಂಗಳ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಯ ಪ್ರಯತ್ನವೆಂದೂ ಅದಕ್ಕೆ ನೆರವಾಗುವುದನ್ನು ದುಷ್ಪ್ರೇರಣೆಯೆಂದೂ ಪರಿಗಣಿಸುವಂತೆ ತೀರ್ಪು ನೀಡಿತು. ಅದು ಧರ್ಮದ ಅತ್ಯಗತ್ಯ ಆಚರಣೆಯೆಂಬುದು ಸಾಬೀತಾಗಿಲ್ಲ ಎಂಬುದು ನ್ಯಾಯಾಲಯದ ಮುಖ್ಯ ಕಾರಣಗಳಲ್ಲಿ ಒಂದು. ದೇಶದ ತುಂಬ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಇಂಥ ಗಳಿಗೆಯಲ್ಲಿ “ಅನಾದಿ ಕಾಲದಿಂದ ಬಂದ ಭವ್ಯ ದಿವ್ಯ ಪರಂಪರೆಯ ಮೇಲೆ ಆಘಾತ” ಎಂದು ಬರೆದ ಮನವಿ ಯಾರ ಮನಸ್ಸನ್ನೂ ತಿರುಗಿಸಲಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕೊಟ್ಟ ವ್ಯಾಖ್ಯೆಯನ್ನು ನೋಡಬೇಕು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ನಾಲ್ಕು ಸಂದರ್ಭಗಳನ್ನು ಎಣಿಸಿ, ಅವು ಪರಿಹಾರವಿಲ್ಲದ ಹಂತಕ್ಕೆ ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನ ಎಂದು ಅವರು ಹೇಳುತ್ತಾರೆ. ಎಲ್ಲಿ ಅನ್ವಯಿಸುತ್ತದೆ, ಎಲ್ಲಿ ಇಲ್ಲ, ಉದ್ದೇಶವೇನು ಎಂಬುದೆಲ್ಲ ಆ ಒಂದು ಶ್ಲೋಕದೊಳಗಿದೆ. ಯಾವ ವಕೀಲನೂ ಇದಕ್ಕಿಂತ ಬಿಗಿಯಾಗಿ ಬರೆಯಲಾರ. ಚಂದ್ರಗಿರಿಯ ಬಂಡೆಗಳ ಮೇಲಿನ ಏಳನೆಯ ಶತಮಾನದಿಂದ ಮೊದಲಾಗುವ ಶಾಸನಗಳು ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳನ್ನು ಸಂಕ್ಷೇಪವಾಗಿ ದಾಖಲಿಸಿವೆ. ನ್ಯಾಯಾಲಯದ ಮುಂದೆ ಸಾಕ್ಷಿಯಾಗಿ ನಿಲ್ಲಬಲ್ಲುದು ಇಂಥ ಬರಹ. ವಿಶೇಷಣಗಳಿಗೆ ಸಾಕ್ಷಿಕಟ್ಟೆಯಲ್ಲಿ ನಿಲ್ಲುವ ಕಾಲಿಲ್ಲ.

ರಾಜಕೀಯದಲ್ಲಿಯೂ ಹೀಗೆಯೇ. ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯದ ಸ್ಥಾನವನ್ನು ಕೇಂದ್ರ ಸರಕಾರ ಅಧಿಸೂಚಿಸಿದ್ದು 2014ರ ಜನವರಿ 27ರಂದು. ಅನಂತರ ವೇದಿಕೆಗಳಲ್ಲಿ ಅಭಿನಂದನೆಗಳ ಮಳೆ ಸುರಿಯಿತು. ಆದರೆ ವಿದ್ಯಾರ್ಥಿವೇತನಕ್ಕೆ ಯಾವ ಕಚೇರಿಗೆ ಹೋಗಬೇಕು, ಯಾವ ಪ್ರಮಾಣಪತ್ರ ಬೇಕು, ಆದಾಯದ ಮಿತಿ ಎಷ್ಟು, ಕೊನೆಯ ದಿನ ಯಾವುದು ಎಂದು ತಿಳಿಸುವ ಒಂದು ಪುಟದ ಕನ್ನಡ ಕರಪತ್ರ ಎಷ್ಟು ಮನೆಗಳನ್ನು ತಲುಪಿತು? 2011ರ ಜನಗಣತಿಯಲ್ಲಿ ದೇಶದಲ್ಲಿದ್ದ ಜೈನರು ಸುಮಾರು 44.5 ಲಕ್ಷ, ಅವರಲ್ಲಿ ಸುಮಾರು 14 ಲಕ್ಷ ಮಹಾರಾಷ್ಟ್ರದಲ್ಲಿ, ಸುಮಾರು 4.4 ಲಕ್ಷ ಕರ್ನಾಟಕದಲ್ಲಿ. ಗಣತಿಯ ನಮೂನೆಯಲ್ಲಿ ಧರ್ಮ ಎಂಬಲ್ಲಿ ಒಂದು ಪದ, ಮಾತೃಭಾಷೆ ಎಂಬಲ್ಲಿ ಒಂದು ಪದ ಸಾಕು. ಪುರಾತನ, ಪವಿತ್ರ, ಪ್ರತಿಷ್ಠಿತ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಆ ಎರಡು ಪದಗಳನ್ನು ಸರಿಯಾಗಿ ಬರೆಸಿದರೆ ಸಮಾಜ ಎಣಿಕೆಗೆ ಬರುತ್ತದೆ.

ಚುನಾವಣೆಯ ಕಾಲದಲ್ಲಿ ಎಲ್ಲ ಪಕ್ಷದವರೂ ಬಂದು “ನಿಮ್ಮ ಶಾಂತಿಪ್ರಿಯ ಸಮಾಜದ ಸರ್ವಾಂಗೀಣ ಅಭಿವೃದ್ಧಿಗೆ ಬದ್ಧರಾಗಿದ್ದೇವೆ” ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಯಾವ ಕೆಲಸ, ಯಾವ ದಿನದೊಳಗೆ, ಯಾರ ಮೂಲಕ ಎಂದು ಒಬ್ಬರೂ ಕೇಳುವುದಿಲ್ಲ. ಕೇಳದಿರುವುದಕ್ಕೆ ಕಾರಣ ಸ್ಪಷ್ಟ: ತನ್ನ ವರದಿಯಲ್ಲಿ ಅದೇ ಭಾಷೆಯನ್ನು ಬಳಸುವ ಸಮಾಜಕ್ಕೆ ಇನ್ನೊಬ್ಬರ ಪೊಳ್ಳನ್ನು ತಟ್ಟಿ ನೋಡುವ ಕಿವಿ ಮಂದವಾಗಿರುತ್ತದೆ.

ದಹಿಸರ್‌ನ ಪಾಠ

ಈ ವಿಚಾರಕ್ಕೆ ದಹಿಸರ್ ತಕ್ಕ ಸ್ಥಳ. ಮುಂಬಯಿಯ ಉತ್ತರದ ತುದಿಯ ಈ ಉಪನಗರದಲ್ಲಿ ಮರಾಠಿ, ಗುಜರಾತಿ, ಹಿಂದಿ, ಕೊಂಕಣಿ, ತುಳು, ಕನ್ನಡ ಒಂದೇ ಕಟ್ಟಡದ ಮೆಟ್ಟಿಲುಗಳಲ್ಲಿ ಕೇಳಿಸುತ್ತವೆ. ಇಂಥ ಕಡೆ ಎಲ್ಲರೂ ಓದುವ ಬರಹ ಯಾವುದು? ಹೌಸಿಂಗ್ ಸೊಸೈಟಿಯ ಫಲಕದ ಮೇಲಿನ ಸಾಲು: ಸೋಮವಾರ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ನೀರು ಬರುವುದಿಲ್ಲ. ಅದನ್ನು ಓದಿದವರು ಕೊಡ ತುಂಬಿಸಿಕೊಳ್ಳುತ್ತಾರೆ. “ಜಲ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿರುವುದರಿಂದ ನಿವಾಸಿಗಳು ಸಹಕರಿಸಬೇಕಾಗಿ ವಿನಂತಿಸಿಕೊಳ್ಳಲಾಗಿದೆ” ಎಂದಿದ್ದರೆ ಯಾವ ದಿನ ಕೊಡ ತುಂಬಿಸಬೇಕೆಂಬುದು ತಿಳಿಯುತ್ತಿರಲಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ನಗರ ಮುಳುಗಿತು, ದಹಿಸರ್ ನದಿಯೂ ದಡ ಮೀರಿ ಹರಿಯಿತು. ಅಂಥ ದಿನ ಜನರ ಬಾಯಲ್ಲಿ ಉಳಿಯುವ ಮಾತು ಯಾವುದು? ನೀರು ಎಲ್ಲಿಯವರೆಗೆ ಬಂದಿದೆ, ಯಾವ ದಾರಿ ಬೇಡ, ಯಾರು ಇನ್ನೂ ಮನೆ ಸೇರಿಲ್ಲ. ಜೀವದ ಪ್ರಶ್ನೆ ಬಂದಾಗ ಮನುಷ್ಯ ತಾನಾಗಿಯೇ ಹಿತ, ಮಿತ, ಅಸಂದಿಗ್ಧವಾಗಿ ಮಾತಾಡುತ್ತಾನೆ. ಸ್ಪಷ್ಟವಾಗಿ ಹೇಳುವ ಶಕ್ತಿ ಎಲ್ಲರಲ್ಲಿಯೂ ಇದೆ. ಲೇಖನಿ ಹಿಡಿದಾಗ ಮಾತ್ರ ಅದು ಅಡಗಿಕೊಳ್ಳುತ್ತದೆ.

ಇನ್ನೊಂದು ಮಾತು ಮಕ್ಕಳದು. ಇಲ್ಲಿಯ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ ಓದುತ್ತಾರೆ, ಗೆಳೆಯರೊಂದಿಗೆ ಹಿಂದಿ ಆಡುತ್ತಾರೆ. ಕನ್ನಡ ಅವರಿಗೆ ಕಿವಿಯ ಭಾಷೆ. ಅಜ್ಜಿಯ ಬಾಯಿಂದ ಬಂದದ್ದು. ಕನ್ನಡ ಅಕ್ಷರ ಕಲಿತ ಒಂದು ಮಗು ಸಮಾಜದ ಪತ್ರಿಕೆಯನ್ನು ಕೂಡಿಸಿ ಕೂಡಿಸಿ ಓದುತ್ತದೆ ಎಂದುಕೊಳ್ಳಿ. ಮೊದಲ ಸಾಲಿನಲ್ಲಿಯೇ “ಪ್ರಪ್ರಥಮವಾಗಿ ದೀಪ ಪ್ರಜ್ವಲನದ ಮೂಲಕ ವಿಧ್ಯುಕ್ತ ಚಾಲನೆ” ಎಂದು ಬಂದರೆ, ಅಜ್ಜಿ ಆಡುವ ಕನ್ನಡವೇ ಬೇರೆ, ಓದುವ ಕನ್ನಡವೇ ಬೇರೆ ಎಂದು ಅದು ತೀರ್ಮಾನಿಸುತ್ತದೆ. ಪುಸ್ತಕವನ್ನು ಮುಚ್ಚುತ್ತದೆ. “ದೀಪ ಹಚ್ಚಿ ಆರಂಭಿಸಿದರು” ಎಂದಿದ್ದರೆ ಮುಂದಿನ ಸಾಲಿಗೆ ಹೋಗುತ್ತಿತ್ತು. ಮಕ್ಕಳಿಗೆ ಕನ್ನಡ ಬೇಡವಾಗಿದೆ ಎಂದು ಹಿರಿಯರು ಕೊರಗುತ್ತಾರೆ. ಅವರ ಮುಂದೆ ಇಟ್ಟ ಕನ್ನಡ ಎಂಥದು ಎಂಬುದನ್ನೂ ನೋಡಬೇಕಲ್ಲವೇ?

ಒಂದು ಆಕ್ಷೇಪ

ಹೀಗೆಲ್ಲ ಬರೆದರೆ ಹಿರಿಯರಿಗೆ ಗೌರವ ಕಡಿಮೆಯಾದೀತು, ದಾನಿಗಳು ಬೇಸರಪಟ್ಟುಕೊಂಡಾರು ಎಂಬ ಆಕ್ಷೇಪವಿದೆ. ಅದನ್ನು ಲಘುವಾಗಿ ತಳ್ಳಿಹಾಕಬಾರದು. ಸಂಸ್ಥೆಗಳು ನಡೆಯುವುದು ದಾನದಿಂದ. ಗೌರವದ ಮಾತು ಕನ್ನಡದ ನಡವಳಿಕೆಯಲ್ಲಿಯೇ ಇದೆ. ಹಿರಿಯರನ್ನು ಬಹುವಚನದಿಂದ ಕರೆಯುವುದನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಗೌರವ ಇರುವುದು ಸಂಗತಿಯಲ್ಲಿ. ಒಬ್ಬರು ಇಪ್ಪತ್ತು ವರ್ಷ ಪ್ರತಿ ಭಾನುವಾರ ಮಕ್ಕಳಿಗೆ ಪಾಠಶಾಲೆ ನಡೆಸಿದ್ದರೆ, “ಇಪ್ಪತ್ತು ವರ್ಷ, ಪ್ರತಿ ಭಾನುವಾರ” ಎಂಬ ಮಾತಿಗಿಂತ ದೊಡ್ಡ ಬಿರುದು ಇಲ್ಲ. “ನಿಸ್ವಾರ್ಥ ಸೇವಾದುರಂಧರ” ಎಂದಾಗ ಆ ಇಪ್ಪತ್ತು ವರ್ಷ ಅಳಿಸಿಹೋಗುತ್ತದೆ. ನಿನ್ನೆ ಬಂದು ಹಾರ ಹಾಕಿಸಿಕೊಂಡವರಿಗೂ ಅದೇ ಬಿರುದು ಸಿಕ್ಕಿರುತ್ತದೆ. ಪೊಳ್ಳುಮಾತಿನಿಂದ ನಿಜವಾಗಿ ಅನ್ಯಾಯವಾಗುವುದು ದುಡಿದವರಿಗೆ.

ಇನ್ನು ಮುಂದೆ

ಸುಧಾರಣೆ ದೊಡ್ಡ ನಿರ್ಣಯಗಳಿಂದ ಆಗುವುದಿಲ್ಲ. ಬರೆದುದನ್ನು ಕಳುಹಿಸುವ ಮುನ್ನ ಐದು ಪ್ರಶ್ನೆ ಕೇಳಿಕೊಂಡರೆ ಸಾಕು. ಯಾರು ಮಾಡಿದರು ಎಂಬುದು ವಾಕ್ಯದಲ್ಲಿ ಇದೆಯೇ? ಎಷ್ಟು, ಎಂದು, ಎಲ್ಲಿ ಎಂಬುದಕ್ಕೆ ಅಂಕಿ ಇದೆಯೇ? ಈ ವಿಶೇಷಣವನ್ನು ತೆಗೆದರೆ ಅರ್ಥಕ್ಕೆ ಕೊರತೆಯಾಗುತ್ತದೆಯೇ? ಇದೇ ಮಾತನ್ನು ಎದುರಿಗೆ ಕುಳಿತ ಅಕ್ಕನಿಗೋ ಮಾವನಿಗೋ ಹೀಗೆಯೇ ಹೇಳಲಾಗುತ್ತದೆಯೇ? ಕನ್ನಡವನ್ನು ಕಿವಿಯಿಂದ ಮಾತ್ರ ಬಲ್ಲ ಮಗುವಿಗೆ ಓದಿ ಹೇಳಿದರೆ ತಿಳಿಯುತ್ತದೆಯೇ?

ಮೊದಲ ಪ್ರಯೋಗವನ್ನು ಮುಂದಿನ ವಾರ್ಷಿಕ ವರದಿಯಲ್ಲಿ ಮಾಡಬಹುದು. ಅದು ಎರಡು ಪುಟ ಇರಲಿ. ಬಂದ ಹಣ, ಹೋದ ಹಣ, ಉಳಿದ ಹಣ. ನೆರವು ಕೇಳಿದವರು ಎಷ್ಟು, ಪಡೆದವರು ಎಷ್ಟು. ಕೈಗೂಡದ ಕೆಲಸ ಯಾವುದು, ಏಕೆ. ನೆರವು ಪಡೆದವರ ಹೆಸರು ಬೇಡ, ಅವರ ಮಾನ ಉಳಿಯಲಿ. ಖರ್ಚು ಮಾಡಿದವರ ಹೆಸರು ಮಾತ್ರ ಇರಲಿ. ಅದನ್ನು ಸಭೆಯಲ್ಲಿ ಓದಲು ಹತ್ತು ನಿಮಿಷ ಸಾಕು. ಉಳಿದ ಸಮಯವನ್ನು ಸದಸ್ಯರ ಪ್ರಶ್ನೆಗಳಿಗೆ ಬಿಡಬೇಕು. ಮೊದಲ ವರ್ಷ ಪ್ರಶ್ನೆಗಳು ಕಹಿಯಾಗಿಯೇ ಇರಬಹುದು. ಉತ್ತರಗಳಲ್ಲಿ ಕರ್ತೃ, ಕ್ರಿಯೆ, ಅಂಕಿ ಮೂರೂ ಇದ್ದರೆ, ಎರಡನೆಯ ವರ್ಷ ಸಭೆಗೆ ಬರುವವರ ಸಂಖ್ಯೆ ಹೆಚ್ಚುತ್ತದೆ; ಅವರಲ್ಲಿ ಮನೆಯಲ್ಲಿಯೇ ಉಳಿಯುತ್ತಿದ್ದ ಹುಡುಗ ಹುಡುಗಿಯರೂ ಇರುತ್ತಾರೆ.